ಉಕ್ಕಿನ ಡ್ರಮ್ಮಿನೊಳಗೆ ಕೆಂಪು ಚುಕ್ಕೆಗಳು

ಪ್ರಶ್ನೆ: ಕೊಪ್ಪರಕ್ಕೆಂದು ಕಾಯಿ ಒಡೆಯುವಾಗ ಪೋಲಾಗುತ್ತಿದ್ದ ನೀರಿನಿಂದ ಮನೆಯಲ್ಲೇ ವಿನೆಗರ್ ತಯಾರಿಸಲು, ಕೆಳಗೆ ನಳ್ಳಿಯಿರುವ 50 ಲೀಟರಿನ ಸ್ಟೈನ್‌ಲೆಸ್ ಸ್ಟೀಲ್ ಡ್ರಮ್ ಮಾಡಿಸಿದ್ದೇವೆ. ಪ್ರತಿ ಸಲವೂ ಕಬ್ಬಿಣದ ನಾರಿನಿಂದ ತಿಕ್ಕಿ, ಬಾವಿಗೆಂದು ತಂದ ಬ್ಲೀಚಿಂಗ್ ಪೌಡರನ್ನು ಕಲಸಿದ ನೀರನ್ನು ರಾತ್ರಿಯಿಡೀ ತುಂಬಿಸಿಡುತ್ತೇವೆ. ಆದರೂ ಒಳಗೆ ಕೆಂಪು ಚುಕ್ಕೆಗಳು ಎದ್ದಿವೆ. ಆಯಸ್ಕಾಂತ ಅಂಟದ ಕಾರಣ ಒಳ್ಳೆಯ ಉಕ್ಕೆಂದು ಅಂಗಡಿಯವರು ಹೇಳಿದ್ದರು. ಡ್ರಮ್ ಇನ್ನು ಉಪಯೋಗಕ್ಕೆ ಬಾರದೇ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಡ್ರಮ್ಮನ್ನು ಎಸೆಯಬೇಡಿ, ಶುಚಿಗೊಳಿಸುವ ಕ್ರಮವನ್ನು ಮಾತ್ರ ಇಂದೇ ಬದಲಾಯಿಸಿ. ಈ ಉಕ್ಕನ್ನು ತುಕ್ಕಿನಿಂದ ಕಾಯುವುದು ಅದರಲ್ಲಿರುವ ಕ್ರೋಮಿಯಂ ಗಾಳಿಯೊಡನೆ ಸೇರಿ ಮೇಲ್ಮೈಯಲ್ಲಿ ಕಟ್ಟುವ, ಕಣ್ಣಿಗೆ ಕಾಣದಷ್ಟು ತೆಳುವಾದ ಪದರ. ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಅಂಶವು ಆ ಪದರವನ್ನು ಅಲ್ಲಲ್ಲಿ ಭೇದಿಸಿ ಸೂಜಿಮೊನೆಯಂಥ ಗುಳಿಗಳನ್ನು ಕೊರೆಯುತ್ತದೆ. ಕಬ್ಬಿಣದ ನಾರು ತನ್ನ ಚೂರುಗಳನ್ನು ಗೀರುಗಳಲ್ಲಿ ಬಿಟ್ಟುಹೋಗುತ್ತದೆ, ಅವು ತೇವದಲ್ಲಿ ತುಕ್ಕು ಹಿಡಿಯುತ್ತವೆ. ಇನ್ನೂ ಗಂಭೀರವಾದ ಮಾತೊಂದಿದೆ: ಬ್ಲೀಚಿಂಗ್ ನೀರಿಗೆ ಉಳಿದ ವಿನೆಗರ್ ತಾಗಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ದಯವಿಟ್ಟು ಆ ಪುಡಿಯನ್ನು ಬಾವಿಗೇ ಮೀಸಲಿಡಿ.

ಮೊದಲು ಡ್ರಮ್ಮನ್ನು ಬರೀ ನೀರಿನಲ್ಲಿ ಹಲವು ಬಾರಿ ತೊಳೆದು, 10 ಲೀಟರ್ ಬಿಸಿನೀರಿಗೆ 50 ಗ್ರಾಂನಷ್ಟು ವಾಷಿಂಗ್ ಸೋಡಾ ಬೆರೆಸಿ, ತಳದ ಗಸಿ ಸಡಿಲವಾಗುವವರೆಗೆ ನೆನೆಸಿ, ಮೆತ್ತನೆಯ ಬಟ್ಟೆಯಿಂದಲೋ ತೆಂಗಿನ ನಾರಿನಿಂದಲೋ ಉಜ್ಜಿ. ಸೋಡಾದ ಜಾರು ಹೋಗುವಂತೆ ಚೆನ್ನಾಗಿ ತೊಳೆದ ಬಳಿಕ, ಲೀಟರಿಗೆ 50 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿದ ಬೆಚ್ಚಗಿನ ನೀರು ಚುಕ್ಕೆಗಳ ಮೇಲೆ ಅರ್ಧ ಗಂಟೆ ನಿಲ್ಲುವಂತೆ ನೋಡಿಕೊಳ್ಳಿ. ಅದು ಅಂಟಿಕೊಂಡ ಕಬ್ಬಿಣವನ್ನು ಕರಗಿಸುತ್ತದೆ. ತೊಳೆದು ಒರೆಸಿ ಗಾಳಿಗೆ ಒಣಗಲು ಬಿಟ್ಟರೆ ಕಾಯುವ ಪದರ ತಾನಾಗಿ ಮತ್ತೆ ಕಟ್ಟಿಕೊಳ್ಳುತ್ತದೆ. ಆದರೆ ಆಗಲೇ ಬಿದ್ದ ಗುಳಿಯನ್ನು ಯಾವ ಆಮ್ಲವೂ ತುಂಬಲಾರದು. ಉಗುರಿಗೆ ಸಿಗುವಷ್ಟು ಆಳವಿದ್ದರೆ ಡ್ರಮ್ಮನ್ನು ಅಕ್ಕಿ ತುಂಬಿಡಲು ಬಳಸಿ, ವಿನೆಗರಿಗೆ ಬೇಡ.

ಆಯಸ್ಕಾಂತದ ಪರೀಕ್ಷೆಯನ್ನು ನಂಬಬಾರದು. ಸುಮಾರು 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕಲ್ ಇರುವ 304 ದರ್ಜೆಯ ಉಕ್ಕಿಗೆ ಆಯಸ್ಕಾಂತ ಅಂಟದು ನಿಜ. ನಿಕಲ್ ಕಡಿಮೆಯಿದ್ದು ಬೇಗನೆ ತುಕ್ಕಿಗೆ ಸೋಲುವ ಅಗ್ಗದ 202 ದರ್ಜೆಯದಕ್ಕೂ ಅಂಟದು. ಮುಂದೆ ಕೊಳ್ಳುವಾಗ ದರ್ಜೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಮಾಲಿಬ್ಡಿನಂ ಸೇರಿದ 316 ದರ್ಜೆ ಆಮ್ಲಕ್ಕೂ ಉಪ್ಪಿಗೂ ಹೆಚ್ಚು ಬಾಳುತ್ತದೆ, ಬೆಲೆಯೂ ಹೆಚ್ಚು. ಉಪ್ಪು ಹಾಕಿದ ಪುನರ್ಪುಳಿ ರಸವನ್ನು ಈ ಡ್ರಮ್ಮಿನಲ್ಲಿ ಎಂದೂ ದಾಸ್ತಾನಿಡಬೇಡಿ; ಅದಕ್ಕೆ ಭರಣಿಯೇ ಸರಿ.

ನೀವು ಕೇಳದಿದ್ದರೂ ನಳ್ಳಿಯ ವಿಷಯವನ್ನು ಹೇಳಲೇಬೇಕು. ಮೇಲೆ ಹೊಳೆಯುವ ಎಷ್ಟೋ ನಳ್ಳಿಗಳು ಒಳಗೆ ಹಿತ್ತಾಳೆಯವು. ವಿನೆಗರ್ ಅದನ್ನು ಕೊರೆದು ತಾಮ್ರವನ್ನು ರಸಕ್ಕೆ ಬಿಡುತ್ತದೆ. ಉಕ್ಕಿನ ನಳ್ಳಿಯನ್ನೇ ಹಾಕಿಸಿ, ಪ್ರತಿ ಬಾರಿಯೂ ಬಿಚ್ಚಿ ವಾಷರನ್ನೂ ತಿರುಪಿನ ಸಂದುಗಳನ್ನೂ ತೊಳೆಯಿರಿ. ಹುಳಿ ಕೆಡುವುದು ಹೆಚ್ಚಾಗಿ ಅಲ್ಲಿ ಅಡಗಿದ ಗಸಿಯಿಂದ. ಮುಂದಿನ ಸಲ ತುಂಬುವ ಮೊದಲು ಕುದಿಯುವ ನೀರನ್ನು ಒಳಗೆಲ್ಲ ಸುತ್ತಾಡಿಸಿ ನಳ್ಳಿಯ ಮೂಲಕ ಹರಿಯಬಿಟ್ಟರೆ ಬ್ಲೀಚಿಂಗಿನ ಅಗತ್ಯ ಬೀಳದು. ಮಳೆಗಾಲದಲ್ಲಿ ಖಾಲಿ ಡ್ರಮ್ಮನ್ನು ಮುಚ್ಚಳ ತೆರೆದು, ನೆಲಕ್ಕೆ ತಾಗದಂತೆ ಮರದ ತುಂಡುಗಳ ಮೇಲೆ ಬೋರಲು ಇಡಿ.