ಆಸ್ಟ್ರೇಲಿಯಾದ ಅತಿ ಎತ್ತರದ ಬೆಟ್ಟಕ್ಕೆ ಕೊಸಿಯಸ್ಕೊ ಅಂತ ಹೆಸರು ಯಾಕೆ? ಅದರ ಅರ್ಥವೇನು?

ಅದು ಪೋಲೆಂಡಿನ ಒಂದು ಅಪರೂಪದ ಮನೆತನದ ಹೆಸರು. ಅಲ್ಲಿನವರು ಹೇಳುವುದು ಹೆಚ್ಚುಕಡಿಮೆ 'ಕೊಶ್ಚುಶ್ಕೊ' ಎಂದು. ಕಾನ್‌ಸ್ಟಂಟಿನ್ ಎಂಬ ಹೆಸರನ್ನು ಪ್ರೀತಿಯಿಂದ ಮೊಟಕು ಮಾಡಿದರೆ ಕೊಸ್ತ್ಯುಶ್ಕೊ ಆಗುತ್ತದೆ, ಮನೆತನದ ಹೆಸರು ಹುಟ್ಟಿದ್ದು ಅದರಿಂದಲೇ. ಮೂಲದಲ್ಲಿರುವುದು ಲ್ಯಾಟಿನ್ ಪದ, ಅರ್ಥ 'ಅಚಲ'. ಬೆಟ್ಟಕ್ಕೆ ಒಪ್ಪುತ್ತದೆ, ಅಲ್ವಾ? ಆದರೆ ಅದು ಸುಮ್ನೆ ಕಾಕತಾಳೀಯ.

ಈ ಮನೆತನದ ಮೂಲಪುರುಷನೂ ಕಾನ್‌ಸ್ಟಂಟಿನ್ ಹೆಸರಿನವನೇ. 1509ರಲ್ಲಿ ರಾಜ ಒಂದನೇ ಸಿಗಿಸ್ಮಂಡ್ ಅವನಿಗೆ ಜಹಗೀರು ಕೊಟ್ಟ. ಆ ಊರು ಈಗ ಪೋಲೆಂಡಿನಲ್ಲಿಲ್ಲ, ಬೆಲರೂಸ್‌ನಲ್ಲಿದೆ.

ಹೆಸರು ವಿದೇಶಕ್ಕೆ ಹೋದದ್ದು ತದೆಯುಶ್ ಕೊಶ್ಚುಶ್ಕೊನಿಂದ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ವೆಸ್ಟ್ ಪಾಯಿಂಟ್ ಕೋಟೆ ಭದ್ರಪಡಿಸಿದ ಎಂಜಿನಿಯರ್ ಇವನೇ. ಆತ ಮದುವೆಯಾಗಲಿಲ್ಲ. ಹಾಗಾಗಿ ಹೊರದೇಶಗಳಲ್ಲಿ ಈ ಹೆಸರು ಜನರಿಗಿಂತ ಜಾಸ್ತಿ ಜಾಗಗಳಿಗೆ ಅಂಟಿಕೊಂಡಿತು: ಮಿಸಿಸಿಪ್ಪಿಯಲ್ಲಿ ಒಂದು ಊರು, ಇಂಡಿಯಾನಾದಲ್ಲಿ ಒಂದು ಕೌಂಟಿ.

ಆಸ್ಟ್ರೇಲಿಯಾದ ಬೆಟ್ಟಕ್ಕೆ 1840ರಲ್ಲಿ ಹೆಸರಿಟ್ಟವನು ಪೋಲೆಂಡಿನದೇ ಅನ್ವೇಷಕ ಸ್ಟ್ರೆಲೆಟ್ಸ್‌ಕಿ. ಕ್ರಾಕೋ ನಗರದಲ್ಲಿ ಕೊಶ್ಚುಶ್ಕೊ ನೆನಪಿಗೆ ಕಟ್ಟಿದ ಮಣ್ಣಿನ ದಿಬ್ಬದಂತೆ ಅದು ಅವನಿಗೆ ಕಂಡಿತಂತೆ. ಇಂಗ್ಲಿಷ್ ಬರಹದಲ್ಲಿ 'ಝಡ್' ಅಕ್ಷರ ಬಿಟ್ಟುಹೋಗಿತ್ತು. 1997ರಲ್ಲಿ ಸರ್ಕಾರ ಅದನ್ನು ಮತ್ತೆ ಸೇರಿಸಿತು. ಉಚ್ಚಾರಣೆ ಮಾತ್ರ ಆಸ್ಟ್ರೇಲಿಯಾದ್ದೇ ಉಳಿದಿದೆ.