ಓದುಗರ ಪ್ರಶ್ನೆ: ಮಾಲಿ ಸಾಮ್ರಾಜ್ಯದ ಉಪ್ಪು, ಚಿನ್ನ, ಮಣ್ಣಿನ ಮಸೀದಿ

ಪ್ರಶ್ನೆ: ಮಾಲಿಯ ದೊರೆ ಮನ್ಸಾ ಮೂಸಾನ ಸಿರಿವಂತಿಕೆ ಪ್ರಸಿದ್ಧ. ಸಹಾರಾದ ಅಂಚಿನ ನಾಡಿಗೆ ಅಷ್ಟೊಂದು ಸಂಪತ್ತು ಬಂದದ್ದು ಚಿನ್ನದ ಗಣಿಗಳಿಂದಲೇ?

ಉತ್ತರ: ಗಣಿಗಿಂತ ಹೆಚ್ಚಾಗಿ ದಾರಿಯಿಂದ. ಚಿನ್ನ ಸಿಗುತ್ತಿದ್ದದ್ದು ದಕ್ಷಿಣದ ಬಂಬುಕ್ ಮತ್ತು ಬುರೆ ಪ್ರದೇಶಗಳಲ್ಲಿ. ಅಲ್ಲಿನವರನ್ನು ಬಲವಂತದಿಂದ ಹಿಡಿತಕ್ಕೆ ತಂದರೆ ಚಿನ್ನದ ಉತ್ಪತ್ತಿಯೇ ಕುಸಿಯುತ್ತಿತ್ತು, ಆದ್ದರಿಂದ ದೊರೆಗಳು ಕಪ್ಪ ಪಡೆದು ಅವರನ್ನು ಅವರ ಪಾಡಿಗೆ ಬಿಟ್ಟಿದ್ದರು ಎಂದು 14ನೇ ಶತಮಾನದ ಅರಬ್ ಲೇಖಕ ಅಲ್-ಉಮರಿ ಬರೆದಿದ್ದಾನೆ. ಜಾಣ ನಿರ್ಧಾರವೇ, ಏಕೆಂದರೆ ಮಾಲಿಯ ನಿಜವಾದ ಆದಾಯ ಬೇರೆಡೆ ಇತ್ತು.

ಉತ್ತರದ ಮರುಭೂಮಿಯಲ್ಲಿ ಉಪ್ಪು ಹೇರಳ, ದಕ್ಷಿಣದ ಹುಲ್ಲುಗಾವಲಿನಲ್ಲಿ ಅದು ದುರ್ಲಭ. ಉಪ್ಪು ಹೊತ್ತ ಒಂಟೆ ಮರಳುಗಾಡಿನ ಅಂಚಿನವರೆಗೆ ಬರಬಲ್ಲದು. ಇನ್ನೂ ದಕ್ಷಿಣದ ತೇವದ ನಾಡಿಗೆ ಇಳಿದರೆ ಟ್ಸೆಟ್ಸೆ ನೊಣ ಹರಡುವ ರೋಗಕ್ಕೆ ಒಂಟೆಯೂ ಕುದುರೆಯೂ ಬಲಿಯಾಗುತ್ತವೆ. ಹಾಗಾಗಿ ಸರಕನ್ನು ಒಂಟೆಯಿಂದ ಇಳಿಸಿ ನೈಜರ್ ನದಿಯ ದೋಣಿಗೆ, ಕತ್ತೆಯ ಬೆನ್ನಿಗೆ, ಹಮಾಲರ ತಲೆಗೆ ಏರಿಸಲೇಬೇಕಿತ್ತು. ವಾಹನ ಬದಲಾಗುವ ಈ ಅಂಚಿನ ನಾಡೇ ಮಾಲಿಯ ಕೈಯಲ್ಲಿದ್ದದ್ದು. ಸರಕು ನಿಂತಲ್ಲಿ ಸುಂಕ ಎತ್ತುವುದು ಸುಲಭ. ಮಾಲಿಗಿಂತ ಮೊದಲು ಇದೇ ಭಾಗದಲ್ಲಿದ್ದ ಘಾನಾ ರಾಜ್ಯದಲ್ಲಿ ಒಂದು ಕತ್ತೆ ಹೇರು ಉಪ್ಪು ಒಳಬಂದರೆ 1 ದಿನಾರ್, ಹೊರಹೋದರೆ 2 ದಿನಾರ್ ಸುಂಕವಿತ್ತೆಂದು 11ನೇ ಶತಮಾನದ ಅರಬ್ ಲೇಖಕ ಅಲ್-ಬಕ್ರಿ ದಾಖಲಿಸಿದ್ದಾನೆ.

ಲಾಭ ಎಷ್ಟಿತ್ತು ಎಂಬುದಕ್ಕೆ 1352–53ರಲ್ಲಿ ಮಾಲಿ ಸುತ್ತಿದ ಪ್ರವಾಸಿ ಇಬ್ನ್ ಬತೂತಾ ಲೆಕ್ಕ ಕೊಡುತ್ತಾನೆ. ಮರುಭೂಮಿಯ ದಕ್ಷಿಣ ಅಂಚಿನ ವಲಾತಾ ಊರಿನಲ್ಲಿ ಒಂದು ಹೇರು ಉಪ್ಪಿಗೆ 8ರಿಂದ 10 ಮಿತ್ಕಾಲ್ ಚಿನ್ನ. ಅದೇ ಹೇರು ಮಾಲಿಯ ರಾಜಧಾನಿ ಸೇರಿದರೆ 20ರಿಂದ 30, ಕೆಲವೊಮ್ಮೆ 40. ಒಂದು ಮಿತ್ಕಾಲ್ ಎಂದರೆ ಸುಮಾರು 4.25 ಗ್ರಾಂ.

1324ರಲ್ಲಿ ಹಜ್‌ಗೆ ಹೊರಟ ಮೂಸಾ ಕೈರೋದಲ್ಲಿ ಚಿನ್ನ ಚೆಲ್ಲಿದ. ಅಲ್ಲಿಯವರೆಗೆ 25 ದಿರ್ಹಮ್‌ಗಿಂತ (ಬೆಳ್ಳಿ ನಾಣ್ಯ) ಕೆಳಗಿಳಿಯದಿದ್ದ ಮಿತ್ಕಾಲ್ ಚಿನ್ನದ ಬೆಲೆ 22ಕ್ಕೂ ಕೆಳಗೆ ಬಿತ್ತು. 12 ವರ್ಷಗಳ ನಂತರವೂ ಚೇತರಿಸಿಕೊಂಡಿರಲಿಲ್ಲ.

ಪ್ರಶ್ನೆ: ಅಂಥ ಮರುಭೂಮಿಯನ್ನು ವ್ಯಾಪಾರಿಗಳು ದಾಟುತ್ತಿದ್ದದ್ದು ಹೇಗೆ?

ಉತ್ತರ: ಮೊರಾಕ್ಕೊದ ಸಿಜಿಲ್ಮಾಸಾದಿಂದ 25 ದಿನ ನಡೆದರೆ ತಘಾಜಾ ಎಂಬ ಉಪ್ಪಿನ ಗಣಿಯೂರು. ಅಲ್ಲಿ ಮನೆಯ ಗೋಡೆಯೂ ಉಪ್ಪಿನ ಹಲಗೆಯದೇ, ಮಾಡಿಗೆ ಒಂಟೆಯ ಚರ್ಮ. ಒಂದು ಒಂಟೆಗೆ ಎರಡು ಹಲಗೆ ಹೇರುತ್ತಿದ್ದರು. ಮುಂದಿನ 10 ದಿನದ ಹಾದಿಯಲ್ಲಿ ಸಾಮಾನ್ಯವಾಗಿ ನೀರಿಲ್ಲ. ಅದನ್ನು ದಾಟಿ ತಾಸರಹ್ಲಾ ತಲುಪಿ ಮೂರು ದಿನ ತಂಗಿ, ಚರ್ಮದ ನೀರಿನ ಚೀಲಗಳನ್ನು ದುರಸ್ತಿ ಮಾಡಿ, ಬಿಸಿಗಾಳಿಗೆ ನೀರು ಆರದಂತೆ ಅವಕ್ಕೆ ಒರಟು ಬಟ್ಟೆ ಹೊಲಿಯುತ್ತಿದ್ದರು. ಅಲ್ಲಿಂದ ತಕ್ಷಿಫ್ ಎಂಬ ಓಲೆಗಾರ ಒಬ್ಬನೇ ವಲಾತಾಗೆ ಮುಂದೆ ಹೋಗಿ ಸುದ್ದಿ ಮುಟ್ಟಿಸಬೇಕು. ಆಗ ಆ ಊರಿನವರು ನಾಲ್ಕು ದಿನದ ದಾರಿ ನೀರು ಹೊತ್ತು ಎದುರು ಬರುತ್ತಾರೆ. ತಕ್ಷಿಫ್ ದಾರಿಯಲ್ಲಿ ಸತ್ತರೆ ಸುದ್ದಿ ಮುಟ್ಟುವುದಿಲ್ಲ, ಹಿಂದಿನ ತಂಡ ನೀರಿಲ್ಲದೆ ನಾಶವಾಗುತ್ತದೆ. ಇಬ್ನ್ ಬತೂತಾನ ತಂಡ ಇವನಿಗೆ ಕೊಟ್ಟದ್ದು 100 ಮಿತ್ಕಾಲ್, ಅಂದರೆ 400 ಗ್ರಾಂಗೂ ಹೆಚ್ಚು ಚಿನ್ನ. ಅಷ್ಟು ಜೀವಗಳ ಹೊಣೆಗೆ ಅದು ದುಬಾರಿ ಎನ್ನಲಾಗದು.

ಪ್ರಶ್ನೆ: ಟಿಂಬಕ್ಟುವಿನ ಮಣ್ಣಿನ ಮಸೀದಿಗಳು ಮಳೆಗೆ ಕರಗುವುದಿಲ್ಲವೇ?

ಉತ್ತರ: ಸವೆಯುತ್ತವೆ. ಆದ್ದರಿಂದಲೇ ಆಗಾಗ ಹೊಸ ಮಣ್ಣು ಮೆತ್ತಬೇಕು. ಮರಳುಗಾಡಿನ ಅಂಚಿನಲ್ಲಿ ಕಟ್ಟಡದ ಕಲ್ಲೂ ದೊಡ್ಡ ಮರವೂ ಕಡಿಮೆ. ನದಿ ತಂದ ಜೇಡಿ ಇದ್ದೇ ಇದೆ. ಮಾಲಿಯದೇ ಇನ್ನೊಂದು ಊರಾದ ಜೆನ್ನೆಯಲ್ಲಿ ಮಣ್ಣಿಗೆ ಅಕ್ಕಿಯ ಹೊಟ್ಟು ಬೆರೆಸಿ, ನೀರಿನಲ್ಲಿ ದಿನಗಟ್ಟಲೆ ಕೊಳೆಸಿ, ವರ್ಷಕ್ಕೊಮ್ಮೆ ಊರೆಲ್ಲ ಸೇರಿ ಮಸೀದಿಗೆ ಮೆತ್ತುತ್ತದೆ. ಗೋಡೆಯಿಂದ ಹೊರಚಾಚಿದ ಮರದ ತುಂಡುಗಳು ಅಂದಕ್ಕಷ್ಟೇ ಅಲ್ಲ, ಮೆತ್ತುವವರು ಹತ್ತಿ ನಿಲ್ಲುವ ಅಟ್ಟಣೆಯೂ ಹೌದು. ಇಂಥ ಗೋಡೆಗೆ ಸಿಮೆಂಟ್ ಬಳಿದರೆ ಒಳಗಿನ ತೇವ ಆರದೆ ಮಣ್ಣು ಸಡಿಲಾಗಿ, ಸಿಮೆಂಟೇ ಚಕ್ಕೆಯಾಗಿ ಕಳಚುತ್ತದೆ.

ಟಿಂಬಕ್ಟುವಿನ ಜಿಂಗರೆಬೇರ್ ಮಸೀದಿ 1327ರ ಸುಮಾರಿನದು. ಮೂಸಾನೊಂದಿಗೆ ಬಂದ ಸ್ಪೇನಿನ ಗ್ರಾನಡಾದ ಅಲ್-ಸಾಹಿಲಿ ಅದನ್ನು ಕಟ್ಟಿಸಿದನೆಂಬ ಪ್ರತೀತಿ ಇದೆ. ಆದರೆ ಆ ನಾಡಿನ ಮಣ್ಣಿನ ಶೈಲಿಯ ಹಿರಿಮೆಯನ್ನೆಲ್ಲ ಅವನಿಗೇ ಕೊಡುವುದು ಅನ್ಯಾಯ. ಜೆನ್ನೆಯ ಬಳಿಯ ಜನ ಅವನಿಗಿಂತ ಎಷ್ಟೋ ಶತಮಾನ ಮೊದಲೇ ಮಣ್ಣಿನಲ್ಲಿ ಊರು ಕಟ್ಟಿದ್ದರು. ಹೊರಗಿನಿಂದ ಒಂಟೆಯೇರಿ ಬಂದದ್ದು ಕಾಗದ, ಗ್ರಂಥ, ವಿದ್ವಾಂಸರು. ಟಿಂಬಕ್ಟುವಿನ ಮನೆಗಳಲ್ಲಿ ಹಸ್ತಪ್ರತಿಗಳು ತುಂಬಿದ್ದು ಹೀಗೆ.

ಪ್ರಶ್ನೆ: ನಮ್ಮ ಕರಾವಳಿಗೂ ಮಾಲಿಗೂ ನಂಟಿತ್ತೇ?

ಉತ್ತರ: ನೇರ ವ್ಯಾಪಾರದ್ದಲ್ಲ, ಒಬ್ಬ ಪ್ರವಾಸಿಯದು. ಇದೇ ಇಬ್ನ್ ಬತೂತಾ 1340ರ ದಶಕದಲ್ಲಿ ಹೊನ್ನಾವರದಲ್ಲಿದ್ದು, ಅಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದವೆಂದು ಬರೆದ. ಆಮೇಲೆ ಮಾಲ್ಡೀವ್ಸ್‌ನಲ್ಲಿ ಕವಡೆ ನಾಣ್ಯವಾಗಿ ನಡೆಯುವುದನ್ನು ಕಂಡ. ಕವಡೆ ಮಾಲಿಯಲ್ಲೂ ಹಣವಾಗಿತ್ತು, ಒಂದು ಚಿನ್ನದ ದಿನಾರ್‌ಗೆ 1150.

ಪ್ರಶ್ನೆ: ಆ ವ್ಯಾಪಾರ ಯಾಕೆ ಕುಂದಿತು?

ಉತ್ತರ: ಪೋರ್ಚುಗೀಸರು 1482ರಲ್ಲಿ ಗಿನಿ ಕರಾವಳಿಯ ಎಲ್ಮಿನಾದಲ್ಲಿ ಕೋಟೆ ಕಟ್ಟಿದ ಮೇಲೆ ಚಿನ್ನದ ಒಂದು ಪಾಲು ಹಡಗೇರಿತು. ಉಪ್ಪಿನ ಹಾದಿ ಮಾತ್ರ ಮುಚ್ಚಲಿಲ್ಲ. ತಘಾಜಾ ಬಿಕೋ ಎಂದ ಮೇಲೆ ತೌದೆನ್ನಿ ಗಣಿ ಅದರ ಜಾಗ ಹಿಡಿಯಿತು. ಅಲ್ಲಿನ ಹಲಗೆಗಳು ಸುಮಾರು 650 ಕಿ.ಮೀ. ದಾಟಿ ಇಂದಿಗೂ ಟಿಂಬಕ್ಟುವಿಗೆ ಬರುತ್ತವೆ, ಹೆಚ್ಚಿನವು ಈಗ ಲಾರಿಗಳಲ್ಲಿ.