ಕೊಂಬೆ ಬಿದ್ದ ಚೈನ್‌ಸಾ: ರಿಪೇರಿ ಮಾಡಿಸೋದಾ, ಹೊಸದು ತಗೊಳ್ಳೋದಾ?

ಅಣ್ಣಾ, ನಿಮ್ಮ ಪ್ರಶ್ನೆ ಓದಿದೆ. ಗೋವೆಯ ಕೇಪೆಯ ಕುಳಾಗರದಲ್ಲಿ (ಅಡಿಕೆ, ತೆಂಗಿನ ತೋಟದಲ್ಲಿ) ಹಲಸಿನ ಕೊಂಬೆ ಇಳಿಸುವಾಗ ಅದು ಚೈನ್‌ಸಾ ಮಿಷನ್ ಮೇಲೆಯೇ ಬಿದ್ದು ಹಿಂದಿನ ಹಿಡಿ ಮುರಿದಿದೆ. 58 ಸಿಸಿ ಮಿಷನ್, ತಗೊಂಡು ಮೂರು ವರ್ಷ ಆಗಿದೆ. ಅದಕ್ಕೂ ಮೊದಲೇ ಬಿಸಿಯಾದ ಮೇಲೆ ಬಂದ್ ಬೀಳುತ್ತಿತ್ತು ಅಂತ ಕೊನೆಯ ಸಾಲಲ್ಲಿ ಬರೆದಿದ್ದೀರಿ. ಮಡಗಾಂವ್‌ನ ಅಂಗಡಿಯವರು ಹೊಸದರ ಅರ್ಧದಷ್ಟು ಖರ್ಚು ಹೇಳಿ, ಅದಕ್ಕಿಂತ ಹೊಸದೇ ತಗೊಳ್ಳಿ ಅಂದಿದ್ದಾರೆ.

ನನ್ನ ಪ್ರಕಾರ ಇಲ್ಲಿ ಮುಖ್ಯವಾದದ್ದು ಆ ಕೊನೆಯ ಸಾಲೇ. ಮುರಿದ ಹಿಡಿ ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ, ಆದರೆ ಅದು ನಾಲ್ಕು ಸ್ಕ್ರೂ ಬಿಚ್ಚಿ ಬದಲಾಯಿಸುವ ವಸ್ತು. ಇಂಜಿನ್ ಬಿಸಿಯಾಗಿ ನಿಲ್ಲುತ್ತಿತ್ತು ಅಂದ್ರೆ ಒಳಗೆ ಬೇರೆ ಏನೋ ನಡೆದಿದೆ. ಅದನ್ನು ನೋಡದೆ ರಿಪೇರಿಗೂ ದುಡ್ಡು ಕೊಡಬೇಡಿ, ಹೊಸದಕ್ಕೂ ಕೊಡಬೇಡಿ.

ನೋಡೋದು ಕಷ್ಟ ಏನಲ್ಲ. ಮಿಷನ್ ಪೂರ್ತಿ ತಣ್ಣಗಿರಲಿ. ಪ್ಲಗ್ ವೈರ್ ಕಳಚಿ, ಪ್ಲಗ್ ಬಿಚ್ಚಿ. ಆಮೇಲೆ ಮುಂದಿನ ಸೈಲೆನ್ಸರ್‌ನ ಬೋಲ್ಟ್ ತೆಗೆಯಿರಿ. ಸೈಲೆನ್ಸರ್ ಬಂದ ಮೇಲೆ ಸಿಲಿಂಡರ್‌ನಲ್ಲಿ ಒಂದು ತೂತು ಕಾಣುತ್ತದೆ. ಅದರೊಳಗೆ ಟಾರ್ಚ್ ಬಿಟ್ಟು, ಸ್ಟಾರ್ಟರ್ ಹಗ್ಗವನ್ನು ನಿಧಾನವಾಗಿ ಎಳೆದರೆ ಪಿಸ್ಟನ್ ಮೇಲೆ ಕೆಳಗೆ ಹೋಗುವುದು ಕಾಣುತ್ತದೆ. ಅದರ ಮೈ ನುಣ್ಣಗಿದ್ದು, ಕಂದು ಬಣ್ಣದ ಮಸಿ ಇದ್ದರೆ ಚಿಂತೆ ಇಲ್ಲ. ಉದ್ದುದ್ದ ಗೀರು ಬಿದ್ದು, ಬೆಳ್ಳಗೆ ಅಲ್ಯೂಮಿನಿಯಂ ಸವರಿದ ಹಾಗಿದ್ದು, ಪಿಸ್ಟನ್ ಸುತ್ತಲಿನ ರಿಂಗ್ ತನ್ನ ಚಡಿಯಲ್ಲೇ ಅಂಟಿಕೊಂಡಿದ್ದರೆ ಪಿಸ್ಟನ್ ಹೋಗಿದೆ. ಕಂಪ್ರೆಷನ್ ಗೇಜ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಮೀಟರ್) ಯಾರ ಹತ್ತಿರವಾದರೂ ಸಿಕ್ಕರೆ ಇನ್ನೂ ಒಳ್ಳೇದು. 120 ಪಿಎಸ್‌ಐ ಮೇಲೆ ಬಂದರೆ ಕೆಲಸಕ್ಕೆ ಸಾಕು, 90ರ ಕೆಳಗೆ ಇಳಿದರೆ ಬಿಸಿಯಲ್ಲಿ ಸ್ಟಾರ್ಟ್ ಆಗೋದೇ ಕಷ್ಟ.

ಗೀರು ಬಿದ್ದಿದ್ದರೆ ಅಲ್ಲಿಗೇ ಕಥೆ ಮುಗಿಯಲಿಲ್ಲ. ಯಾಕೆ ಬಿತ್ತು ಅಂತ ಗೊತ್ತಾಗಬೇಕು. ಸುಮ್ನೆ ಹೊಸ ಪಿಸ್ಟನ್ ಹಾಕಿಸಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಪಿಸ್ಟನ್ನಿನ ಸುತ್ತಲೂ ಗೀರು ಇದ್ದರೆ ಸಾಮಾನ್ಯವಾಗಿ ಪೆಟ್ರೋಲಿಗೆ ಆಯಿಲ್ ಬೆರೆಸದೆ ಹಾಕಿದ್ದು, ಅಥವಾ ಕಡಿಮೆ ಹಾಕಿದ್ದು. ಕೆಲಸದವರು ಬೈಕಿನ ಪೆಟ್ರೋಲನ್ನೇ ಸುರಿಯೋದು ಎಲ್ಲ ತೋಟದಲ್ಲೂ ಆಗುವಂಥದ್ದು, ಒಮ್ಮೆ ಕೇಳಿ ನೋಡಿ. ಸೈಲೆನ್ಸರ್ ಕಡೆ ಮಾತ್ರ ಗೀರಿದ್ದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಹೋಗಿರುವ ಸಾಧ್ಯತೆ ಹೆಚ್ಚು. ಕ್ರ್ಯಾಂಕ್ ಸೀಲ್ (ತಿರುಗುವ ದಂಡದ ಪಕ್ಕದಿಂದ ಗಾಳಿ ನುಗ್ಗದಂತೆ ತಡೆಯುವ ರಬ್ಬರ್) ಸವೆದಿರಬಹುದು, ಕಾರ್ಬೊರೇಟರ್ ಮತ್ತು ಸಿಲಿಂಡರ್ ನಡುವಿನ ರಬ್ಬರ್ ಬಿರುಕು ಬಿಟ್ಟಿರಬಹುದು. ಆಕ್ಸಿಲರೇಟರ್ ಬಿಟ್ಟ ಮೇಲೂ ರೇಸ್ ಇಳಿಯದೆ ಕೂಗುತ್ತಿತ್ತಾ? ಹಾಗಿದ್ದರೆ ಗಾಳಿ ಸೋರಿಕೆಯೇ ಅಂತ ಅನುಮಾನ ಪಡಿ. ಈಗ ಕೊಂಬೆ ಬಿದ್ದ ಪೆಟ್ಟಿಗೆ ಆ ರಬ್ಬರ್ ಇನ್ನಷ್ಟು ಹರಿದಿರಲೂಬಹುದು, ಹೊರಗಿನಿಂದ ಕಾಣೋದಿಲ್ಲ.

ಇನ್ನೊಂದು ಮಾತು. ಕೆಲವು ಮೆಕ್ಯಾನಿಕ್‌ಗಳು ಬೈಕಿನ ಹಾಗೆ ಸಿಲಿಂಡರ್ ಬೋರ್ ಮಾಡಿಕೊಡುತ್ತೇನೆ ಅನ್ನುತ್ತಾರೆ. ಒಪ್ಪಬೇಡಿ. ಇದು ಒಳಗೆ ಗಟ್ಟಿ ಲೇಪ ಇರುವ ಅಲ್ಯೂಮಿನಿಯಂ ಸಿಲಿಂಡರ್. ಬೋರ್ ಮಾಡಿದರೆ ಲೇಪ ಹೋಗುತ್ತದೆ, ಆಮೇಲೆ ಅದು ಬಾಳಿಕೆ ಬರೋದಿಲ್ಲ. ಲೇಪ ಚೆನ್ನಾಗಿದ್ದು ಮೇಲೆ ಅಲ್ಯೂಮಿನಿಯಂ ಮೆತ್ತಿಕೊಂಡಿದ್ದರೆ ನಯವಾದ ಎಮರಿ ಕಾಗದದಿಂದ ತೆಗೆದು ಪಿಸ್ಟನ್ ಮಾತ್ರ ಹಾಕಿಸಬಹುದು. ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಸಿಲಿಂಡರ್‌ನಲ್ಲೇ ಇದ್ದರೆ ಸಿಲಿಂಡರ್, ಪಿಸ್ಟನ್ ಎರಡೂ ಇರುವ ಪೂರ್ತಿ ಕಿಟ್ ಬೇಕು. ನಿಮ್ಮದು ಸಾಮಾನ್ಯ 58 ಸಿಸಿ ಮಿಷನ್ ಆಗಿದ್ದರೆ ಕಿಟ್ ಎಲ್ಲ ಕಡೆ ಸಿಗುತ್ತದೆ, ಬೆಲೆಯೂ ಜಾಸ್ತಿ ಇಲ್ಲ. ಹಳೇ ಪಿಸ್ಟನ್ನಿನ ಅಳತೆ ನೋಡಿಯೇ ತನ್ನಿ.

ಹೀಗಾಗಿ ಪಿಸ್ಟನ್ ಹೋಗಿದ್ದರೂ ನಿಮ್ಮ ಮಿಷನ್ ಉಳಿಯಬಹುದು. ಉಳಿಯದಿರುವುದು ಕೇಸ್, ಅಂದ್ರೆ ಕ್ರ್ಯಾಂಕ್ ಕೂರುವ ಬಾಡಿ, ಬಿರುಕು ಬಿಟ್ಟಿದ್ದರೆ. ಆ ಬಾಡಿಯನ್ನು ಪೆಟ್ರೋಲಿನಿಂದ ತೊಳೆದು ಒಣಗಿಸಿ. ಅನುಮಾನ ಇರುವ ಜಾಗಕ್ಕೆ ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಮೇಲೆ ಸೀಮೆಸುಣ್ಣ ಉಜ್ಜಿ. ಬಿರುಕು ಇದ್ದರೆ ಒಳಗೆ ನಿಂತ ಎಣ್ಣೆ ಸುಣ್ಣಕ್ಕೆ ಹತ್ತಿ ಗೆರೆ ಮೂಡುತ್ತದೆ. ಅಂಥ ಕೇಸನ್ನು ವೆಲ್ಡಿಂಗ್ ಮಾಡಿಸೋದು, ಎಂ-ಸೀಲ್ ಹಚ್ಚೋದು ಬೇಡವೇ ಬೇಡ. ಫ್ಲೈವೀಲ್ (ಸ್ಟಾರ್ಟರ್ ಹಿಂದಿನ ಚಕ್ರ) ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ, ಆಟ ಇದ್ದರೆ ಬೇರಿಂಗ್ ಹೋಗಿದೆ. ಬೇರಿಂಗ್, ಸೀಲ್, ಸಿಲಿಂಡರ್ ಕಿಟ್ ಮೂರೂ ಸೇರಿದರೆ ಅಂಗಡಿಯವರ ಮಾತು ಸರಿ, ಹೊಸದೇ ಲೇಸು.

ಚೈನ್ ಬ್ರೇಕ್ ವಿಷಯದಲ್ಲಿ ಮಾತ್ರ ನಾನು ಹಣದ ಲೆಕ್ಕ ನೋಡೋದಿಲ್ಲ. ಇಂಜಿನ್ ಬಂದ್ ಇರುವಾಗ ಮುಂದಿನ ಗಾರ್ಡ್ ಮುಂದಕ್ಕೆ ತಳ್ಳಿ. ಟಕ್ ಅಂತ ಬೀಳಬೇಕು, ಗ್ಲೌಸ್ ಹಾಕಿಕೊಂಡು ಚೈನ್ ಎಳೆದರೆ ಕದಲಬಾರದು. ಗಾರ್ಡ್ ಸೀಳಿದ್ದರೆ, ಬ್ರೇಕ್ ಪಟ್ಟಿ ಸವೆದಿದ್ದರೆ ಅದನ್ನು ಮೊದಲು ಬದಲಾಯಿಸಿ. ಬಾರ್‌ನ (ಚೈನ್ ಸುತ್ತ ಓಡುವ ಉದ್ದನೆಯ ಪಟ್ಟಿಯ) ತುದಿ ಮರಕ್ಕೆ ತಾಗಿ ಮಿಷನ್ ಮುಖದ ಕಡೆ ಎಗರಿದಾಗ ಕಾಪಾಡುವುದು ಆ ಬ್ರೇಕು. ಮುರಿದ ಹಿಡಿಗೆ ತಂತಿ ಸುತ್ತಿ, ಟೇಪ್ ಹಚ್ಚಿ ಓಡಿಸುವುದನ್ನು ದಯವಿಟ್ಟು ಮಾಡಬೇಡಿ. ಕೈ ಹೋದರೆ ಯಾವ ಅಂಗಡಿಯಲ್ಲೂ ಸಿಗೋದಿಲ್ಲ.

ಪಿಸ್ಟನ್ ಚೆನ್ನಾಗಿದೆ ಅಂತಾದರೆ ಕಾರ್ಬೊರೇಟರ್ ಕಡೆ ಬನ್ನಿ. ಈಗ ಬಂಕಿನ ಪೆಟ್ರೋಲಿನಲ್ಲಿ 20% ವರೆಗೆ ಎಥನಾಲ್ ಇರುತ್ತದೆ. ಅದು ನೀರು ಎಳೆದುಕೊಳ್ಳುತ್ತದೆ. ಗೋವೆಯ ಮಳೆಗಾಲದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟ್ಯಾಂಕಿನಲ್ಲೇ ಬಿಟ್ಟರೆ ಕಾರ್ಬೊರೇಟರ್ ಒಳಗಿನ ತೆಳು ಪೊರೆ (ಡಯಾಫ್ರಮ್) ಬಿರುಸಾಗಿ, ಪೈಪ್ ಮೆತ್ತಗಾಗಿ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಪೊರೆಯ ಕಿಟ್, ಪೈಪ್, ಫಿಲ್ಟರ್, ಪ್ಲಗ್ ಎಲ್ಲ ಸೇರಿ ಸಣ್ಣ ಖರ್ಚು. ಆಮೇಲೆ ಪೆಟ್ರೋಲಿಗೆ ಬೆರೆಸುವ ಟೂಟಿ (2T) ಆಯಿಲ್ ಒಳ್ಳೇದಾದರೆ ಲೀಟರಿಗೆ 20 ಎಂಎಲ್, ಸಾಧಾರಣದ್ದಾದರೆ 40 ಎಂಎಲ್. ಡಬ್ಬದ ಮೇಲೆ ಬರೆದದ್ದನ್ನೇ ನಂಬಿ.

ಹೊಸದೇ ಅಂತ ತೀರ್ಮಾನವಾದರೆ ಮತ್ತೆ 58 ಸಿಸಿ, 22 ಇಂಚಿನ ಬಾರ್ ಹುಡುಕಬೇಡಿ. ಅಡಿಕೆ, ತೆಂಗು, ಗೇರು ಇರುವ ತೋಟದಲ್ಲಿ ಕೊಂಬೆ ಸವರಲು, ಸೌದೆ ಕೊಯ್ಯಲು 16 ಇಂಚಿನ ಬಾರ್ ಇರುವ ಹಗುರ ಮಿಷನ್ನೇ ಸಾಕು. ಭಾರದ ಮಿಷನ್ ಹಿಡಿದು ಸುಸ್ತಾದ ಕೈಯೇ ಎಡವೋದು. ಇನ್ನು ತೆಂಗಿನ ಕಾಂಡ ಚೈನಿನ ಹರಿತವನ್ನು ಬೇಗ ತಿನ್ನುತ್ತದೆ, ಅದಕ್ಕೆ ಒಂದು ಚೈನ್ ಜಾಸ್ತಿ ಇಟ್ಟುಕೊಳ್ಳಿ. ಬಿಡಿ ಭಾಗ ಮಡಗಾಂವ್‌ನಲ್ಲೋ ಬೆಳಗಾವಿಯಲ್ಲೋ ಸಿಗುತ್ತದಾ ಅಂತ ಕೇಳಿಯೇ ದುಡ್ಡು ಕೊಡಿ. ಹಳೆಯದನ್ನು ಗುಜರಿಗೆ ಹಾಕಬೇಡಿ. ಅದರ ಕ್ಲಚ್, ಕಾಯಿಲ್, ಬಾರ್ ಅದೇ ಮಾಡೆಲ್ ಇರುವ ಯಾರಿಗಾದರೂ ಬೇಕಾಗುತ್ತವೆ.

ಸದ್ಯಕ್ಕೆ ಸೈಲೆನ್ಸರ್ ಬಿಚ್ಚಿ, ಪಿಸ್ಟನ್ ಫೋಟೋ ಎರಡು ತೆಗೆದು ಇಲ್ಲೇ ಹಾಕಿ ಅಣ್ಣಾ. ಒಂದು ಪಿಸ್ಟನ್ ಮೇಲಿರುವಾಗ, ಒಂದು ರಿಂಗ್ ಕಾಣುವ ಹಾಗೆ. ಅಲ್ಲಿಯವರೆಗೆ ಅಂಗಡಿಗೆ ಅಡ್ವಾನ್ಸ್ ಕೊಡಬೇಡಿ.